ಅತ್ತೆಯ ಮೇಲೆ ಅಂಟಿಸಿದ ಹೂವು

"ಯಾರು ಅಂಟಿಸಿದ್ದು ಇದನ್ನ?"

ನಿಖಿತಾ ಹಾಲ್‌ನ ನಡುವೆ ನಿಂತು ಕೂಗಿದಳು. ಹಲ್ಲುಜ್ಜುವ ಬ್ರಶ್ ಇನ್ನೂ ಕೈಯಲ್ಲೇ ಇತ್ತು. ಅಡುಗೆಮನೆಯಲ್ಲಿ ಕುಕ್ಕರ್ ಮಾತ್ರ ಸೀಟಿ ಹೊಡೆಯಿತು.

ಅವತ್ತು ಅವಳ ಪುಟ್ಟ ತಮ್ಮನಿಗೆ ಹೆಸರಿಡುವ ದಿನ. ಹಾಲ್‌ನಲ್ಲಿ ತೊಟ್ಟಿಲು ಕಟ್ಟಿದ್ದರು. ತೊಟ್ಟಿಲ ಹಿಂದಿನ ಗೋಡೆಯ ಮೇಲೆ ನಿಖಿತಾ ಕಾಗದ ಹರಿದು ಅಂಟಿಸಿ ಮಾಡಿದ ಕೊಲಾಜ್ ಇತ್ತು. ದೊಡ್ಡ ಚಾರ್ಟ್ ಪೇಪರಿನ ಮೇಲೆ ಇಡೀ ಮನೆಯವರು ಸಾಲಾಗಿ ನಿಂತಿದ್ದರು. ಟಿ. ನಗರದ ರೇಷ್ಮೆ ಅಂಗಡಿಯ ಜಾಹೀರಾತು ಪುಸ್ತಕದಿಂದ ಹರಿದ ಅಜ್ಜಿ. ಇನ್ಶೂರೆನ್ಸ್ ಕ್ಯಾಲೆಂಡರಿನ ನೀಲಿ ಹಾಳೆಯ ಅಪ್ಪ. ಹಳೇ ಮದುವೆ ಕಾರ್ಡಿನ ಅಮ್ಮ, ಅವಳ ಕೈಯಲ್ಲಿ ಪಾಪು. ಚಾಕ್ಲೆಟ್ ಕಾಗದದ ನಿಖಿತಾ. ಕೊನೆಯಲ್ಲಿ ಚಂದ್ರಮತಿ ಅತ್ತೆ.

ಈಗ ಅಲ್ಲಿ ಅತ್ತೆ ಇರಲಿಲ್ಲ. ಅವಳ ಮೇಲೆ ಒಂದು ಬಂಗಾರದ ಬಣ್ಣದ ಕಮಲದ ಹೂವಿತ್ತು. ಗಿಫ್ಟ್ ಪೇಪರಿನಿಂದ ಕತ್ತರಿಸಿದ್ದು. ಅಂಟಿಸಿದವರಿಗೆ ಅಳತೆ ಸರಿಯಾಗಿ ಸಿಕ್ಕಿರಲಿಲ್ಲ. ಹೂವಿನ ಕೆಳಗೆ ಅತ್ತೆಯ ಎರಡು ಕಾಲುಗಳು ಹಾಗೇ ಉಳಿದಿದ್ದವು.

ಕೊಲಾಜ್ ಮಾಡಲು ಕಲಿಸಿದವಳೇ ಚಂದ್ರಮತಿ ಅತ್ತೆ. ಅವಳು ಅಪ್ಪನ ತಂಗಿ. ಹುಟ್ಟಿದಾಗ ಎಲ್ಲರೂ ಗಂಡು ಮಗು ಅಂದುಕೊಂಡು ರಘುರಾಮ ಅಂತ ಹೆಸರಿಟ್ಟಿದ್ದರು. ಆದರೆ ತಾನು ಹುಡುಗಿ ಅಂತ ಅತ್ತೆಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ಹೇಳಿದರೆ ಯಾರೂ ಕೇಳಲಿಲ್ಲ. ಹೊಡೆದರು, ಬೈದರು, ಕೊನೆಗೆ ಅವಳು ಮನೆ ಬಿಟ್ಟಳು. ಈಗ ಇದೇ ಊರಿನ ಉತ್ತರ ತುದಿಯ ಎಣ್ಣೂರಿನಲ್ಲಿ ತನ್ನಂಥ ಗೆಳತಿಯರ ಜೊತೆ ಇದ್ದಳು. ಅವರೆಲ್ಲ ಸೇರಿ ಚಿತ್ರ ಮಾಡಿ ಪ್ರದರ್ಶನಕ್ಕೆ ಇಡುತ್ತಿದ್ದರು. ಇದೆಲ್ಲ ನಿಖಿತಾಗೆ ಯಾವಾಗಲೋ ಗೊತ್ತಾಗಿತ್ತು. ಅದರಲ್ಲಿ ಅವಳಿಗೆ ವಿಚಿತ್ರವಾಗಿ ಕಂಡದ್ದು ಒಂದೇ. ಇಷ್ಟು ಸುಲಭದ ಮಾತು ದೊಡ್ಡವರಿಗೆ ಯಾಕೆ ತಲೆಗೆ ಹೋಗುವುದಿಲ್ಲ?

"ಅಂಗಡಿ ಪುಸ್ತಕದಾಗ ಎಷ್ಟು ಚಂದ ಚಂದ ಹೆಣ್ಮಕ್ಕಳು ಅದಾರ ನೋಡು," ಅಂತ ಅತ್ತೆ ಒಮ್ಮೆ ಹೇಳಿದ್ದಳು. "ನನ್ನಂಥಾಕಿ ಒಬ್ಬಾಕಿನೂ ಇಲ್ಲ. ಅದಕ್ಕ ಅದನ್ನ ಹರದು ನನ್ನ ನಾನ ಮಾಡ್ಕೋತೀನಿ."

ನಿಖಿತಾ ಸ್ಟೂಲ್ ಹತ್ತಿ ಹೂವಿನ ತುದಿ ಹಿಡಿದು ಎಳೆದಳು. ಮೈದಾ ಅಂಟು ಇನ್ನೂ ಹಸಿಯಾಗಿತ್ತು. ಹೂವಿನ ಜೊತೆ ಅತ್ತೆಯ ಕೆನ್ನೆಯೂ ಚರ್ರೆಂದು ಕಿತ್ತು ಬಂತು. ಅವಳು ಹೆದರಿ ಕೈ ಬಿಟ್ಟಳು.

"ಅದನ್ನ ಮುಟ್ಟಬ್ಯಾಡ ನಿಕ್ಕಿ," ಅಂತ ಹಿಂದಿನಿಂದ ಅಪ್ಪ ಅಂದ.

ಅಪ್ಪನ ಬೆರಳುಗಳ ಮೇಲೆ ಮೈದಾ ಒಣಗಿ ಬೆಳ್ಳಗಾಗಿತ್ತು.

"ನೀನಾ ಅಪ್ಪಾ?"

ಅಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅಂದಾನಿ ಕಾಕಾ ಗದಗಿನಿಂದ ಬಂದಾರ. ಮನಿಗೆ ಹಿರಿಯರು. ಅವರು ನೋಡಿದ್ರ ಸುಮ್ಮನ ಮಾತು ಬೆಳೀತದ. ರಾತ್ರಿ ಟ್ರೇನಿಗೆ ಅವರು ಸಂಜೀನ ಹೊಂಡ್ತಾರ. ಆಮೇಲೆ ತೆಗದ್ರಾತು."

ದೊಡ್ಡವರ ಈ 'ಆಮೇಲೆ' ಇದೆಯಲ್ಲ, ಅದನ್ನು ನಂಬಿದ ಮಕ್ಕಳು ಕೆಟ್ಟರು.

"ಅತ್ತೆ ಬಂದಾಗ ಏನು ಮಾಡ್ತೀಯ? ಅವಳ ಮೇಲೂ ಹೂವು ಅಂಟಿಸ್ತೀಯಾ?"

"ಆಕಿಗೆ ಸಂಜೀಕ ಬಾ ಅಂತ ಹೇಳೀನಿ. ಎಲ್ಲಾರೂ ಹೋದಮ್ಯಾಲೆ."

ತೊಟ್ಟಿಲಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ. ಅಂದರೆ ಮಗುವಿನ ಅಪ್ಪನ ತಂಗಿ. ಅಪ್ಪನಿಗೆ ಇದ್ದದ್ದು ಒಬ್ಬಳೇ ತಂಗಿ. ನಿಖಿತಾಳ ತೊಟ್ಟಿಲಿಗೆ ಅತ್ತೆಯನ್ನು ಯಾರೂ ಕರೆದಿರಲಿಲ್ಲ. ಈ ಸಲ ಕರೆಯುತ್ತಾರೆ ಅಂತ ಅತ್ತೆ ಒಂದು ತಿಂಗಳಿಂದ ಕುಣಿಯುತ್ತಿದ್ದಳು. ಪಾಪುವಿಗೆ ಬಣ್ಣಬಣ್ಣದ ತುಂಡು ಬಟ್ಟೆ ಜೋಡಿಸಿ ಕುಲಾವಿ ಟೋಪಿ ಹೊಲಿದಿದ್ದಳು.

"ಮತ್ತೆ ಹೆಸರು ಹೇಳೋರು ಯಾರು?"

"ಸಂಗೀತಾ ಇದ್ದಾಳಲ್ಲ. ನನ್ನ ದೊಡ್ಡಪ್ಪನ ಮಗಳು. ಆಕಿನೂ ತಂಗಿನ."

ತಮಿಳು ಊರಲ್ಲೇ ಹುಟ್ಟಿ ಬೆಳೆದ ನಿಖಿತಾಳ ಬಾಯಿಗೆ ಕೋಪ ಬಂದರೆ ತಮಿಳೇ ಬರುವುದು. "ಇದು ತಪ್ಪು ಪಾ! ರೊಂಬ ರೊಂಬ ತಪ್ಪು!"

"ಮೆಲ್ಲಕ!" ಅಂದ ಅಪ್ಪ. ಅಷ್ಟು ಹೇಳಿ ಬಾಳೆ ಎಲೆ ತರುತ್ತೇನೆ ಅಂತ ಹೊರಟೇಬಿಟ್ಟ. ಬಾಳೆ ಎಲೆ ನಿನ್ನೆಯೇ ಬಂದಿತ್ತು.

ನಿಖಿತಾ ಫೋನ್ ಎತ್ತಿ ಅತ್ತೆಯ ಹೊಸ ಮೊಬೈಲಿಗೆ ಡಯಲ್ ಮಾಡಿದಳು.

"ಅತ್ತೆ, ಎಲ್ಲಿದೀಯ?"

"ಇಲ್ಲೇ ಅದೀನವ್ವಾ," ಅಂದಳು ಅತ್ತೆ. ಅಷ್ಟರಲ್ಲಿ ಅವಳ ಹಿಂದೆ ಒಂದು ಗಂಟೆ ಬಾರಿಸಿ, ತಾಂಬರಂ ಕಡೆಗೆ ಹೋಗುವ ಗಾಡಿ ಬರುತ್ತಿದೆ ಅಂತ ತಮಿಳಿನಲ್ಲಿ ಅನೌನ್ಸ್‌ಮೆಂಟ್ ಕೇಳಿಸಿತು. ಆ ಗಾಡಿಯ ಸದ್ದು ನಿಖಿತಾಗೆ ಫೋನಿನಲ್ಲೂ ಕೇಳಿಸಿತು, ಕಿಟಕಿಯಲ್ಲೂ ಕೇಳಿಸಿತು.

"ಮಾಂಬಲಂ ಸ್ಟೇಷನ್ನಲ್ಲಿದೀಯಾ?"

"ಮನ್ಯಾಗ ಕುಂದ್ರಾಕ ಆಗಲಿಲ್ಲ. ಇಲ್ಲಿ ಬೆಂಚ್ ಐತಿ, ಫ್ಯಾನ್ ಐತಿ. ಸಂಜೀ ಆಗೂದು ಏನು ದೊಡ್ಡದು."

"ಈಗಲೇ ಬಾ! ನಾನು ಕರೀತಿದೀನಿ!"

"ನೀ ಕರದ್ರ ನಾ ಬರಬಾರದವ್ವಾ. ಸಂಜೀಕ ಬಾ ಅಂದಾಂವ ನಿಮ್ಮಪ್ಪ. ಈಗ ಬಾ ಅನ್ನಾಂವನೂ ಅವನ ಆಗಬೇಕು."

ಫೋನ್ ಇಟ್ಟಾಗ ನಿಖಿತಾಳ ಕಿವಿ ಬಿಸಿಯಾಗಿತ್ತು. ಟೇಬಲ್ ಮೇಲೆ ಉಳಿದ ಗಿಫ್ಟ್ ಪೇಪರ್ ಇತ್ತು. ಅದರ ತುಂಬ ಬಂಗಾರದ ಕಮಲಗಳು. ಅಪ್ಪನ ಮೈದಾ ಬಟ್ಟಲೂ ಅಲ್ಲೇ ಇತ್ತು. ಅವಳು ಕತ್ತರಿ ತೆಗೆದುಕೊಂಡಳು.

ಹತ್ತು ಗಂಟೆಗೆ ಜನ ಬರತೊಡಗಿದರು. ಹೆಂಗಸರು ತೊಟ್ಟಿಲ ಸುತ್ತ ಕೂತರು. ಸಂಗೀತಾ ಹೊಸ ಸೀರೆಯುಟ್ಟು ಮುಂದೆಯೇ ಕೂತಳು. ಅಂದಾನಿ ಅಜ್ಜ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಹಾಲ್‌ಗೆ ಬಂದರು. ಕುರ್ಚಿಯಲ್ಲಿ ಕೂತು ಗೋಡೆಯ ಕಡೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದೇನವ್ವಾ ಇದು? ಹೂವಿಗೆಲ್ಲಾ ಕಾಲು ಬಂದಾವ!"

ಎಲ್ಲರೂ ತಿರುಗಿದರು. ಚಾರ್ಟ್ ಮೇಲೆ ಒಬ್ಬರ ಮುಖವೂ ಇರಲಿಲ್ಲ. ಅಜ್ಜಿ ಇರಲಿಲ್ಲ, ಅಪ್ಪ ಇರಲಿಲ್ಲ, ಪಾಪುವನ್ನು ಎತ್ತಿಕೊಂಡ ಅಮ್ಮನೂ ಇರಲಿಲ್ಲ. ಸಾಲಾಗಿ ಐದು ದೊಡ್ಡ ಕಮಲಗಳು. ಪ್ರತಿ ಕಮಲದ ಕೆಳಗೂ ಎರಡು ಕಾಲು. ಯಾರೋ ಕಿಸಕ್ಕೆಂದು ನಕ್ಕರು.

"ಮಂದಿ ಎಲ್ಲಿ ಹೋದ್ರು?" ಅಂದರು ಅಜ್ಜ.

"ಒಬ್ಬರ ಮುಖ ಮುಚ್ಚಿದ್ರು ಅಜ್ಜಾ," ಅಂದಳು ನಿಖಿತಾ. "ಅದಕ್ಕೆ ಉಳಿದವರದು ನಾನೇ ಮುಚ್ಚಿದೆ."

"ಯಾರದು ಮುಚ್ಚಿದ್ರು?"

ಅಪ್ಪ ದೂರದಿಂದ ಬೇಡ ಬೇಡ ಅಂತ ತಲೆಯಾಡಿಸುತ್ತಿದ್ದ. ನಿಖಿತಾ ಅವನನ್ನೇ ನೋಡುತ್ತ ಹೇಳಿದಳು. "ಚಂದ್ರಮತಿ ಅತ್ತೇದು."

ನಗು ನಿಂತಿತು. ಅಜ್ಜ ಮುಖ ಗಂಟಿಕ್ಕಿಕೊಂಡು ಅಪ್ಪನ ಕಡೆ ತಿರುಗಿದರು. "ಆ ರಘುರಾಮನ ಸುದ್ದಿ ಈ ಚಲೋ ದಿನ ಯಾಕ? ಶಿವಶರಣಾ, ಏನು ಕಲಸೀದಿ ಹುಡುಗಿಗೆ?"

"ಯಾರೂ ಕಲಿಸಿಲ್ಲ!" ನಿಖಿತಾಳ ದನಿ ಒಡೆಯಿತು. "ಅವಳು ಪಾಪೂಗೆ ಸೋದರತ್ತೆ. ಈಗ ಸ್ಟೇಷನ್ ಬೆಂಚ್ ಮೇಲೆ ಕೂತಿದಾಳೆ. ನೀವೆಲ್ಲ ಊಟ ಮಾಡಿ ಹೋಗೋ ತನಕ ಕಾಯ್ತಾ ಕೂತಿದಾಳೆ! ಅವಳೇನು ಕಳ್ಳೀನಾ?"

ಅಪ್ಪ ಬೆಚ್ಚಿದ. "ಸ್ಟೇಷನ್ನಾಗ? ಮುಂಜಾನಿಂದನಾ?"

ಅಜ್ಜಿ ಸುಮಿತ್ರಮ್ಮ ಮೂಲೆಯಲ್ಲಿ ಕೂತು ಗುಗ್ಗರಿ ಪೊಟ್ಟಣ ಕಟ್ಟುತ್ತಿದ್ದಳು. ಬೇಯಿಸಿದ ಕಡಲೆ ಅವಳ ಬೊಗಸೆಯಲ್ಲೇ ನಿಂತಿತು. ಅವಳು ಯಾರನ್ನೂ ನೋಡದೆ ಕೇಳಿದಳು.

"ಏನರ ತಿಂದಾಳಂತನಾ?"

ಅಪ್ಪ ಗೋಡೆಯ ಕಡೆ ನೋಡಿದ. ತನ್ನ ಮುಖವಿದ್ದ ಜಾಗದಲ್ಲಿ ಕಮಲವಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಸ್ಕೂಟರ್ ಕೀ ತೆಗೆದುಕೊಂಡು ಮೆಟ್ಟಿಲಿಳಿದ.

"ಆ ಮನಷ್ಯಾ ಬರೂದಾದ್ರ ನಾ ಇಲ್ಲಿ ಕುಂದ್ರಾಂವಲ್ಲ," ಅಂದರು ಅಂದಾನಿ ಅಜ್ಜ. ಹಾಗೆ ಹೇಳಿ ಪೇಪರ್ ಹಿಡಿದು ಬಾಲ್ಕನಿಗೆ ಹೋಗಿ ಕೂತರು. ಟ್ರೇನ್ ಇದ್ದದ್ದು ರಾತ್ರಿಗೆ. ಹೋಗುವುದಾದರೂ ಎಲ್ಲಿಗೆ?

ಅಪ್ಪ ಮರಳಿ ಬಂದಾಗ ಹಿಂದೆ ಚಂದ್ರಮತಿ ಅತ್ತೆ ಇದ್ದಳು. ಹಸಿರು ಸೀರೆ, ಮುಡಿ ತುಂಬ ಮಲ್ಲಿಗೆ. ಅವಳೂ ಅತ್ತಿದ್ದಳು, ಅಪ್ಪನೂ ಅತ್ತಿದ್ದ. ಸ್ಟೇಷನ್ನಿನಲ್ಲಿ ಅವರಿಬ್ಬರೂ ಏನು ಮಾತಾಡಿದರೋ ನಿಖಿತಾಗೆ ಗೊತ್ತಾಗಲಿಲ್ಲ. ಅಜ್ಜಿ ಎದ್ದು ಬಂದು ಅತ್ತೆಯ ಕೈಗೆ ಉಪ್ಪಿಟ್ಟಿನ ಪ್ಲೇಟ್ ಕೊಟ್ಟಳು. ಅತ್ತೆ ನಿಂತೇ ತಿಂದಳು. ಹೆಂಗಸರು ಅವಳನ್ನು ನೋಡಿ ಮುಗುಳ್ನಕ್ಕರು. ನಕ್ಕವರು ತಮ್ಮ ಸೀರೆಯನ್ನು ಸ್ವಲ್ಪ ಈಚೆ ಎಳೆದುಕೊಂಡರು.

ಸಂಗೀತಾ ತೊಟ್ಟಿಲ ಪಕ್ಕದ ಜಾಗ ಬಿಟ್ಟುಕೊಟ್ಟಳು. ಅತ್ತೆ ಪಾಪುವಿಗೆ ತಾನು ಹೊಲಿದ ಕುಲಾವಿ ತೊಡಿಸಿದಳು. ತೊಟ್ಟಿಲೊಳಗೆ ಬಗ್ಗಿ ಅವನ ಕಿವಿಗೆ ಬಾಯಿ ತಂದಳು.

"ಕುರ್ರ್... ನಿರಂಜನ. ಕುರ್ರ್... ನಿರಂಜನ."

ಪಾಪು ಕಣ್ಣು ಪಿಳಿಪಿಳಿ ಬಿಟ್ಟ. ಅಮ್ಮ ನಕ್ಕಳು.

ಹೆಸರು ಹೇಳಿದ ಕೂಡಲೇ ಸುತ್ತ ಇರುವ ಹೆಂಗಸರೆಲ್ಲ ಅತ್ತೆಯ ಬೆನ್ನಿಗೆ ಗುದ್ದಬೇಕು. ಅದು ಪದ್ಧತಿ. ಧಡಧಡ ಗುದ್ದುಗಳು ಬೀಳುತ್ತವೆ, ಅತ್ತೆ ಅಯ್ಯೋ ಅನ್ನುತ್ತಾಳೆ, ಮನೆಯೆಲ್ಲ ನಗುತ್ತದೆ. ಹೋದ ವರ್ಷ ಪಕ್ಕದ ಬೀದಿಯ ಕನ್ನಡದವರ ಮನೆಯಲ್ಲಿ ಆ ಮಗುವಿನ ಅತ್ತೆಗೆ ಬಿದ್ದ ಗುದ್ದಿಗೆ ಅವಳ ಹೆರಳೇ ಬಿಚ್ಚಿಹೋಗಿತ್ತು.

ಚಂದ್ರಮತಿ ಅತ್ತೆಯ ಬೆನ್ನಿನ ಮೇಲೆ ಒಂದು ಗುದ್ದೂ ಬೀಳಲಿಲ್ಲ.

ಒಬ್ಬರು ಬಳೆ ಸರಿಮಾಡಿಕೊಂಡರು. ಇನ್ನೊಬ್ಬರು ಮಗುವಿಗೆ ಸೆಖೆಯಾಗುತ್ತಿದೆ ಅಂತ ಬೀಸಣಿಗೆ ಹುಡುಕಿದರು. ಸಂಗೀತಾಳ ಎರಡೂ ಕೈ ಸೆರಗಿನೊಳಗೆ ಇದ್ದವು. ಯಾರೂ ಕೆಟ್ಟ ಮಾತು ಆಡಲಿಲ್ಲ. ಯಾರೂ ಎದ್ದು ಹೋಗಲಿಲ್ಲ. ಮುಟ್ಟಲಿಲ್ಲ, ಅಷ್ಟೆ.

ಅತ್ತೆ ಬೆನ್ನು ಎತ್ತಲಿಲ್ಲ. ಹೆಸರು ಹೇಳಿ ಮುಗಿದಿದ್ದರೂ ಹಾಗೇ ಬಗ್ಗಿ ನಿಂತಿದ್ದಳು. ಅವಳು ಕಾಯುತ್ತಿದ್ದಾಳೆ ಅಂತ ನಿಖಿತಾಗೆ ಗೊತ್ತಾಯಿತು.

ಬೆಳಿಗ್ಗೆಯಿಂದ ಒಳಗೇ ಕುದಿಯುತ್ತಿದ್ದ ಕೋಪವೆಲ್ಲ ನಿಖಿತಾಳ ಮುಷ್ಟಿಗೆ ಬಂತು. ಅವಳು ಹೆಂಗಸರ ನಡುವೆ ನುಗ್ಗಿ ಅತ್ತೆಯ ಬೆನ್ನಿಗೆ ಧಡ್ ಅಂತ ಗುದ್ದಿದಳು.

"ಅಯ್ಯವ್ವಾ!" ಅಂದಳು ಅತ್ತೆ. "ಕೊಲ್ಲತೀಯೇನ?"

ಇನ್ನೊಂದು ಗುದ್ದು ಬಿತ್ತು. ಅದು ನಿಖಿತಾಳದಲ್ಲ. ಅಜ್ಜಿಯದು. ಅಜ್ಜಿ ಗುದ್ದಿದ ಕೈಯನ್ನು ಹಿಂದೆ ತೆಗೆಯದೆ ಮಗಳ ಬೆನ್ನಿನ ಮೇಲೇ ಇಟ್ಟಿದ್ದಳು. ಅಮ್ಮ ಕೂತಲ್ಲಿಂದಲೇ ಕೈ ಚಾಚಿ ಗುದ್ದಿದಳು. ಅತ್ತೆ ಕೆಳಗೆ ಬಗ್ಗಿದ್ದ ಹಾಗೇ ನಗುತ್ತಿದ್ದಳು. ಕಣ್ಣೀರು ಕುಲಾವಿಯ ಮೇಲೆ ಬೀಳುತ್ತಿತ್ತು.

ಅತ್ತೆ ಬಾಗಿಲು ದಾಟಿ ಒಳಗೆ ಬಂದು ಆಗಲೇ ಅರ್ಧ ಗಂಟೆಯಾಗಿತ್ತು. ಆದರೆ ಅವಳು ಮನೆಗೆ ಬಂದದ್ದು ಈಗ ಅಂತ ನಿಖಿತಾಗೆ ಅನ್ನಿಸಿತು.

ಸಂಗೀತಾಳ ಒಂದು ಕೈ ಸೆರಗಿನಿಂದ ಹೊರಗೆ ಬಂದಿತ್ತು. ಏಳಲೋ ಬೇಡವೋ ಅಂತ ಅದು ನಡುವೆಯೇ ನಿಂತಿತ್ತು. ಅವಳ ಹಿಂದಿನವರು ಇನ್ನೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಇವರ ಮೇಲೂ ಕೂಗಬೇಕು ಅಂತ ನಿಖಿತಾ ಬಾಯಿ ತೆರೆದಳು. ಆಮೇಲೆ ಮುಚ್ಚಿಕೊಂಡಳು.

ಅವಳು ಸ್ವಲ್ಪ ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಟ್ಟಳು.