ಬೀಗರನ್ನು ಒಲಿಸಿದ ತಿಪ್ಪೇಶ

ಬಹಳ ಹಿಂದೆ, ಬೀಗಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕುಂಚೂರೆಂಬ ರಾಜ್ಯದಲ್ಲಿ ತಿಪ್ಪೇಶನೆಂಬ ತರುಣನಿದ್ದ. ಬೀಗದ ಕೈ ಮಾಡುವುದು ಅವನ ಕಸುಬು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ, ಉಣಿಸಿ ಬೆಳೆಸಿದವಳು ಅಕ್ಕ ಸಾಂತವ್ವ.

ಧೂಮಾಕ್ಷನೆಂಬ ಮಾಂತ್ರಿಕ ಆಕೆಗೆ ತನ್ನನ್ನು ಮದುವೆಯಾಗೆಂದ. "ನಿನ್ನ ಗಡ್ಡದಲ್ಲಿ ಗೂಬೆ ಮೊಟ್ಟೆಯಿಟ್ಟಿದೆ, ಮೊದಲು ಅದನ್ನು ನೋಡಿಕೋ!" ಎಂದಳು ಸಾಂತವ್ವ. ಬಂತು ನೋಡಿ ಕೋಪ! ಆಕೆಯನ್ನು ತನ್ನ ಮನೆಯ ಮೂರು ಬಾಗಿಲುಗಳಾಚೆ ಕೂಡಿಹಾಕಿ, "ಯಾರೂ ಬಾಗಿಲು ತೆರೆಯದಿದ್ದರೆ ಹೊತ್ತು ಮುಳುಗುವಷ್ಟರಲ್ಲಿ ಪೂರ್ತಿ ಕಲ್ಲಾಗು" ಎಂದು ಶಪಿಸಿ, ಬೇಟೆಗೆ ಹೋದ.

ಸುದ್ದಿ ತಿಳಿದದ್ದೇ ತಿಪ್ಪೇಶ ಅರ, ಮೇಣ, ಇನ್ನೂ ಹಲ್ಲು ಕೊರೆಯದ ಬೋಳು ಬೀಗದ ಕೈಗಳನ್ನು ಚೀಲಕ್ಕೆ ಹಾಕಿಕೊಂಡು ಅಲ್ಲಿಗೆ ಓಡಿದ.

ಮೊದಲ ಬಾಗಿಲಿನ ಬೀಗದ ಕೈ ಮಲಗಿದ್ದ ಹುಲಿಯ ಕೊರಳಲ್ಲಿತ್ತು. ಬಿಚ್ಚಿದರೆ ಹುಲಿ ಏಳುತ್ತದೆ. ತಿಪ್ಪೇಶ ಬಿಚ್ಚಲೇ ಇಲ್ಲ. ಮೇಣಕ್ಕೆ ಒತ್ತಿ ಅಚ್ಚು ತೆಗೆದ, ಅಚ್ಚಿನಲ್ಲಿದ್ದಂತೆಯೇ ಹಲ್ಲು ಕೊರೆದ. ಬಾಗಿಲು ತೆರೆಯಿತು.

ಎರಡನೆಯದು ಮಾಯಾಗಿಳಿಯ ಕೊಕ್ಕಿನಲ್ಲಿತ್ತು. "ಸತ್ತರೂ ಬಿಡೆ!" ಎಂದಿತು ಗಿಳಿ, ಕೊಕ್ಕಿನ ಸಂದಿಯಿಂದಲೇ.

"ಬಿಡಬೇಡ ತಾಯಿ, ಗಟ್ಟಿಯಾಗಿ ಕಚ್ಚಿಕೊಂಡಿರು" ಎಂದ ತಿಪ್ಪೇಶ. ಬೋಳು ಕೈಯನ್ನು ಅದರ ಪಕ್ಕಕ್ಕೇ ಜೋಡಿಸಿ ಹಿಡಿದು, ಅದು ತಗ್ಗಿದಲ್ಲಿ ತಗ್ಗಿಸಿ, ಉಬ್ಬಿದಲ್ಲಿ ಬಿಟ್ಟು, ಅರ ಆಡಿಸಿದ. ಆ ಬಾಗಿಲೂ ತೆರೆಯಿತು.

ಮೂರನೆಯದಕ್ಕೆ ಕೈಯೇ ಇಲ್ಲ! ಮಾಂತ್ರಿಕ ಅದನ್ನು ಕರಗಿಸಿಬಿಟ್ಟಿದ್ದ. ಏನನ್ನು ನೋಡಿ ಕೊರೆಯುವುದು? ಹೊತ್ತು ಬೇರೆ ಇಳಿಯುತ್ತಿದೆ. ಗಾಬರಿಯಲ್ಲಿ ಎರಡನೆಯ ಕೈಯನ್ನೇ ತುರುಕಿ ತಿರುಚಿದ.

"ಯಾವನಲೇ ಅವನು?" ಎಂದು ಬೀಗ ಹಲ್ಲು ಕಡಿಯಿತು.

ಮೊಣಕಾಲವರೆಗೆ ಆಗಲೇ ಕಲ್ಲಾಗಿದ್ದ ಸಾಂತವ್ವ ಒಳಗಿನಿಂದ ಕೂಗಿದಳು: "ತಮ್ಮಾ, ಬೀಗರ ಹತ್ತಿರ ಯಾರಾದರೂ ಜೋರು ಮಾಡ್ತಾರೇನೋ? ಉಪಚಾರ ಮಾಡಬೇಕಪ್ಪಾ!"

ನಮ್ಮ ಮಾತೇ ಹಾಗಲ್ಲವೇ? ಬಾಗಿಲಿಗೆ ಹಾಕುವುದೂ ಬೀಗ, ಹೆಣ್ಣು ಕೊಟ್ಟು ತಂದವರೂ ಬೀಗರು. ಅಕ್ಕ ಕಲ್ಲಾಗುತ್ತಿದ್ದರೂ ತಮಾಷೆ ಮಾಡಿದ್ದಳು. ತಿಪ್ಪೇಶ ಮಾತ್ರ ನಿಜಕ್ಕೂ ಕೈ ಮುಗಿದ. "ಬೀಗರೇ, ತಪ್ಪಾಯಿತು. ನಿಮಗೊಪ್ಪುವ ಕೈ ಹೇಗಿರಬೇಕು, ನೀವೇ ಹೇಳಿ."

ಬೀಗ ಕಡಿದ ಹಲ್ಲು ಸಡಿಲಿಸಿತು. "ಇಷ್ಟು ಕಾಲದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ ಮಗಾ. ಬೋಳು ಕೈಗೆ ಗೋಡೆಯ ಮೇಲಿನ ಆ ದೀಪದ ಮಸಿ ಬಳಿದು, ಒಳಗಿಟ್ಟು ಮೆಲ್ಲಗೆ ತಿರುಗಿಸು. ಮಸಿ ಅಳಿಸಿದಲ್ಲಿ ನನಗೆ ಒತ್ತುತ್ತದೆ. ಅಲ್ಲಿ ಮಾತ್ರ ತೇಯಿ."

ಇಟ್ಟ, ತೆಗೆದ, ತೇಯ್ದ. ಮತ್ತೆ ಮಸಿ ಬಳಿದು ಇಟ್ಟ, ತೆಗೆದ, ತೇಯ್ದ. ಸೂರ್ಯನ ಕೊನೆಯ ಚೂರು ಉಳಿದಿದ್ದಾಗ, "ಹಾ, ಈಗ ಹಾಯೆನಿಸಿತು!" ಎಂದು ಬೀಗ ಬಾಯಿಬಿಟ್ಟಿತು.

ಶಾಪ ಸಾಂತವ್ವನನ್ನು ಬಿಟ್ಟು, ಶಪಿಸಿದವನಿಗೇ ಮರಳಿತು. ಬೇಟೆಯಿಂದ ಬರುತ್ತಿದ್ದ ಧೂಮಾಕ್ಷ ದಾರಿಯಲ್ಲೇ ಬಂಡೆಯಾಗಿ ನಿಂತ.

ಅಕ್ಕ ತಮ್ಮನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ತಲೆಗೆ ಹಚ್ಚಿದ್ದ ಹರಳೆಣ್ಣೆಯನ್ನು ಬೆರಳಿಗೆ ಸವರಿಕೊಂಡು ಬೀಗದ ಬಾಯಿಗೆ ಹಚ್ಚಿದಳು. "ನಿಮ್ಮಿಂದ ಜೀವ ಉಳಿಯಿತು ಬೀಗರೇ. ನಮ್ಮ ಮನೆಗೇ ಬಂದುಬಿಡಿ."

ಬೀಗರು ಬಂದರು. ಬಾಗಿಲ ಚಿಲಕಕ್ಕೆ ಜೋತುಬಿದ್ದು, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತ ಹಾಯಾಗಿದ್ದರು. ಅಕ್ಕ ತಮ್ಮಂದಿರೂ ನೂರು ಕಾಲ ಸುಖವಾಗಿ ಬಾಳಿದರು. ಆ ಮನೆಗೆ ಬೀಗ ಹಾಕಿದ್ದನ್ನು ಮಾತ್ರ ಕುಂಚೂರಿನಲ್ಲಿ ಯಾರೂ ಕಾಣಲಿಲ್ಲ.