ಲುಂಬಿನಿ ನುಡಿಸಿದ್ದು

ಸಾಯಬಣ್ಣ ಗುಂಡಿ ಒತ್ತಿದ. ಪಿಯಾನೊ ಸುಮ್ಮನಿತ್ತು.

ಇನ್ನೊಮ್ಮೆ ಒತ್ತಿದ. ಪರದೆ ಬೆಳಗಿತು, ಆದರೆ ಒಂದು ಹಾಡಿನ ಹೆಸರೂ ಮೂಡಲಿಲ್ಲ. ಕಸಬರಿಗೆಯನ್ನು ಗೋಡೆಗೆ ಆನಿಸಿ, ಮಂಡಿಯೂರಿ ಪಿಯಾನೊದ ಅಡಿಗೆ ಇಣುಕಿದ. ಅಲ್ಲಿದ್ದ ಕಪ್ಪು ಪೆಟ್ಟಿಗೆಯ ಮುಚ್ಚಳ ಒಂದೇ ಸ್ಕ್ರೂ ಮೇಲೆ ಜೋತಾಡುತ್ತಿತ್ತು. ಒಳಗೆ ಕೈಹಾಕಿ ತಡಕಾಡಿದ. ನಿನ್ನೆ ಕೂಡಿಸಿದ ಹೊಸ ಡಿಸ್ಕ್ ಇಲ್ಲ. ಪಕ್ಕದಲ್ಲೇ ಕಟ್ಟಿಟ್ಟಿದ್ದ ಹಳೆಯದೂ ಇಲ್ಲ.

ಅವನು ಚೀರಿದ್ದಕ್ಕೆ ಕ್ಲಬ್ಬಿನ ಅಡುಗೆಯವರು ಓಡಿ ಬಂದರು. ಯಾರೋ ಸತ್ತರು ಅಂದುಕೊಂಡರು. ಅಂದುಕೊಂಡದ್ದು ಪೂರ್ತಿ ತಪ್ಪೇನೂ ಅಲ್ಲ.

ವಾಡಿಯ ಸಿಮೆಂಟ್ ಕಾರ್ಖಾನೆಯೊಂದರ ಆಫೀಸರ್ಸ್ ಕ್ಲಬ್ಬು ಅದು. ಹಿಂದೆ ಇದ್ದ ದೊಡ್ಡ ಸಾಹೇಬರೊಬ್ಬರು ತರಿಸಿದ ಪಿಯಾನೊ. ತನ್ನಷ್ಟಕ್ಕೆ ತಾನೇ ನುಡಿಯುವಂಥದ್ದು. ಅದರೊಳಗೊಂದು ಕಂಪ್ಯೂಟರ್, ಅದಕ್ಕೊಂದು ಹಾರ್ಡ್ ಡಿಸ್ಕ್. ಯಾರಾದರೂ ಕೂತು ನುಡಿಸಿದರೆ ಯಾವ ಪಟ್ಟಿಯನ್ನು ಮೆತ್ತಗೆ ಒತ್ತಿದರು, ಯಾವುದನ್ನು ಜೋರಾಗಿ, ಎಲ್ಲಿ ತಡೆದರು, ಎಲ್ಲವನ್ನೂ ಅದು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಗುಂಡಿ ಒತ್ತಿದರೆ ಸಾಕು. ಬಿಳಿ ಕಪ್ಪು ಪಟ್ಟಿಗಳು ತಾವೇ ಕೆಳಗಿಳಿಯುತ್ತವೆ, ತಾವೇ ಮೇಲೇಳುತ್ತವೆ. ಕಣ್ಣಿಗೆ ಕಾಣದವರು ಯಾರೋ ಕೂತು ನುಡಿಸುತ್ತಿದ್ದಾರೆ ಅನ್ನಿಸುತ್ತದೆ.

ಆ ಕಾಣದವರು ಯಾರೆಂದು ಸಾಯಬಣ್ಣನಿಗೆ ಗೊತ್ತಿತ್ತು. ಅವನ ಮಗಳು ಲುಂಬಿನಿ.

ಕ್ಲಬ್ಬಿನ ಹಗಲು ಕಾವಲೂ ಕಸವೂ ಸಾಯಬಣ್ಣನದೇ ಕೆಲಸ, ರಾತ್ರಿ ಬೀಗ ಹಾಕಿ ಮನೆಗೆ ಹೋಗುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಅಪ್ಪನ ಹಿಂದೆ ಬಂದು ಪಿಯಾನೊದ ಮುಂದೆ ನಿಂತುಬಿಡುತ್ತಿದ್ದಳು. ದೊಡ್ಡ ಸಾಹೇಬರ ಹೆಂಡತಿ ಕೂಡಿಸಿಕೊಂಡು ಕಲಿಸಿದರು. ಅವರು ಊರು ಬಿಟ್ಟು ಹೋದರೂ ಹುಡುಗಿ ಬಿಡಲಿಲ್ಲ. ತಾನೇ ಹೊಸ ಹೊಸ ಧಾಟಿ ಕಟ್ಟಿ ನುಡಿಸಿದಳು. ನರ್ಸಿಂಗ್ ಓದುತ್ತಿದ್ದಾಗ ಡೆಂಗಿ ಜ್ವರ ಬಂತು, ಹೋಗಿಬಿಟ್ಟಳು. ಅವಳ ಫೋಟೊ ಮನೆಯಲ್ಲಿದೆ. ಕೈ ಮಾತ್ರ ಇಲ್ಲಿ ಉಳಿದಿತ್ತು. ದಿನಾ ಬೆಳಿಗ್ಗೆ ಕಸ ಹೊಡೆಯುವ ಮುಂಚೆ ಗುಂಡಿ ಒತ್ತಿ ಮಗಳ ಕೈ ಆಡುವುದನ್ನು ನೋಡಿಯೇ ಸಾಯಬಣ್ಣ ಕೆಲಸಕ್ಕಿಳಿಯುತ್ತಿದ್ದ.

*

ಪಿಎಸ್‌ಐ ಶೈಸ್ತಾ ಕಾನ್‌ಸ್ಟೇಬಲ್ ಅಣವೀರನ ಜೊತೆ ಬಂದಾಗ ಕ್ಲಬ್ಬಿನ ಸೆಕ್ರೆಟರಿ ಅಂಬರೇಶ ಬಾಗಿಲಲ್ಲೇ ಕಾಯುತ್ತಿದ್ದರು. ಕಾರ್ಖಾನೆಯಲ್ಲಿ ದೊಡ್ಡ ಹುದ್ದೆ, ಸೇಡಂ ಕಡೆಯವರು. ದೂರು ಕೊಟ್ಟವರೂ ಅವರೇ.

"ಕೇಸ್ ಭಾಳ ಸಿಂಪಲ್ ಅದ ಮೇಡಂ. ಕಳ್ಳ ನಿಮ್ಮ ಮುಂದೇ ಕುಂತಾನ."

ಸಾಯಬಣ್ಣ ಗೋಡೆಗೊರಗಿ ಕುಳಿತಿದ್ದ. ತಲೆ ಎತ್ತಲಿಲ್ಲ.

"ಹೆಂಗ್ ಹೇಳ್ತೀರಿ?" ಶೈಸ್ತಾ ಕೇಳಿದಳು.

"ಹಳೆ ಡಿಸ್ಕ್ ಕಟಕಟ ಸಪ್ಪಳ ಮಾಡಾಕತ್ತಿತ್ತು. ಇವತ್ತೋ ನಾಳೆಯೋ ಕೆಡ್ತದ, ಹೊಸದು ಹಾಕಿಸೋಣ ಅಂದ್ವಿ. ಇವ ಬ್ಯಾಡ ಬ್ಯಾಡ ಅಂತ ಕಾಲಿಗಿ ಬಿದ್ದ. ಮಗಳ ಹಾಡು ಹೋಗ್ತಾವಂತ! ಕ್ಲಬ್ಬಿನ ಕೀಲಿ ಇವನ ಕೈಯಾಗೇ ಇರ್ತದ. ಇನ್ನೇನ್ ಬೇಕ್ರಿ?"

"ಇನ್ನೊಂದು ಕೀಲಿ?"

"ನಮ್ಮ ಮನ್ಯಾಗ ಅದ. ಸೆಕ್ರೆಟರಿ ಅಂದಮ್ಯಾಲ ಇರ್ತದಲ್ಲ."

ಶೈಸ್ತಾ ಪಿಯಾನೊದ ಅಡಿಗೆ ಟಾರ್ಚ್ ಹಿಡಿದಳು. ಪೆಟ್ಟಿಗೆಯ ಮೈಮೇಲೆಲ್ಲ ಬೂದು ಬಣ್ಣದ ಗೀರು. ಹತ್ತಿರದ ಕಾಲಿನ ಮೇಲೂ ಅದೇ. ಉಗುರಿನಿಂದ ಕೆರೆದಳು. ಒಣಗಿ ಗಟ್ಟಿಯಾಗಿತ್ತು. ಬೆರಳಚ್ಚು ಸಿಗುವ ಹಾಗಿರಲಿಲ್ಲ, ಯಾರೋ ನೀಟಾಗಿ ಒರೆಸಿದ್ದರು. ಅವಳು ಆ ಗೀರನ್ನು ಇನ್ನೊಮ್ಮೆ ನೋಡಿ ಎದ್ದಳು. ಗೋಡೆಯ ಕಡೆ ಹೋಗುತ್ತ ಒಂದು ಬಿಳಿ ಪಟ್ಟಿ ಒತ್ತಿ ನೋಡಿದಳು. ಪಿಯಾನೊ ಠಣ್ ಎಂದಿತು.

"ಕಾಕಾ," ಎಂದಳು ಸಾಯಬಣ್ಣನ ಪಕ್ಕ ಕುಳಿತು. "ಖರೆ ಹೇಳು. ನೀ ಒಯ್ದಿಯೇನು?"

"ನಾ ಯಾಕ ಒಯ್ಲಿ ಮೇಡಂ? ಮನ್ಯಾಗ ಒಯ್ದು ಏನ್ ಮಾಡ್ಲಿ? ಅದು ಇದರೊಳಗ ಇದ್ರ ಅಷ್ಟೇ ಆಕಿ ನುಡಿಸ್ತಾಳ್ರಿ."

ಅಂಬರೇಶ ಗಡಿಯಾರ ನೋಡಿಕೊಂಡರು.

"ಸಂಜಿಗಿ ಕಾರ್ಖಾನಿ ವಾರ್ಷಿಕೋತ್ಸವ ಅದ. ನಮ್ಮ ಮನೆಯವರು ಕಟ್ಟಿದ ಟ್ಯೂನ್, 'ಕಾಗಿಣಾ' ಅಂತ, ನಮ್ಮ ಹೊಳಿ ಹೆಸರು, ಅದನ್ನೇ ಕಂಪನಿ ಹಾಡು ಅಂತ ಅನೌನ್ಸ್ ಮಾಡ್ತಾರ. ಇದೇ ಪಿಯಾನೊ ಮ್ಯಾಲ ನುಡಿಸಬೇಕಿತ್ತು. ಈಗ ಇದು ಕೆಟ್ಟು ಕುಂತದ, ಅವರು ಹಿಂದ ನುಡಿಸಿದ ವಿಡಿಯೊ ಅದ, ಅದನ್ನೇ ತೋರಿಸಿ ಮುಗಿಸ್ತೀವಿ. ಆ ಡಿಸ್ಕ್ ಹಾಕಿದ ಹುಡುಗನ್ನೂ ಸ್ವಲ್ಪ ನೋಡ್ರಿ. ಫೋನ್ ಸ್ವಿಚ್ ಆಫ್ ಮಾಡ್ಕೊಂಡಾನ."

*

ಆ ಹುಡುಗ ಫೈಜಾನ್. ಶಹಾಬಾದಿನ ಬಜಾರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಜೀಪು ನಿಂತ ಕೂಡಲೇ ಅವನ ಮುಖ ಬಿಳಿಚಿತು. ಅಣವೀರನಿಗೆ ಅಷ್ಟೇ ಸಾಕಾಯಿತು, ಮೀಸೆಯ ಮೇಲೆ ಕೈಹಾಕಿದ.

"ಫೋನ್ ಯಾಕ ಬಂದ್ ಅದ?" ಶೈಸ್ತಾ ಕೇಳಿದಳು.

"ಚಿಂಚೋಳಿಗಿ ಕೆಲಸಕ್ಕ ಹೋಗಿದ್ದೆ ಮೇಡಂ. ಬ್ಯಾಟರಿ ಖಲಾಸ್ ಆಗಿತ್ತು. ಏನಾತ್ರಿ?"

ಏನಾಯಿತೆಂದು ಹೇಳಿದಾಗ ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಅದು ನಟನೆ ಅನ್ನಿಸಲಿಲ್ಲ.

"ಎಲ್ಲ ಬರೋಬರಿ ಮಾಡಿ ಬಂದಿದ್ದೆ. ಹಳೇದ್ರಾಗ ಇದ್ದದ್ದೆಲ್ಲ ಹೊಸದಕ್ಕ ಇಳಿಸ್ದೆ. ಸಾಯಬಣ್ಣ ಕಾಕಾರ ಮುಂದ ಒಂದೊಂದೇ ಹಚ್ಚಿ ಕೇಳಿಸ್ದೆ. ಹೊಸದು ಕೈಕೊಟ್ರ ಇರ್ಲಿ ಅಂತ ಹಳೇದನ್ನ ಅಲ್ಲೇ ಒಳಗ ಕಟ್ಟಿಟ್ಟೆ."

"ಹಳೇದು ಒಳಗ ಅದ ಅಂತ ಯಾರ್ಯಾರಿಗಿ ಗೊತ್ತಿತ್ತು?"

"ಕಾಕಾ, ಅಂಬರೇಶ ಸರ್, ಅವರ ಮನೆಯವ್ರು. ಹಾಡು ಹಚ್ಚಿದಾಗ ಸರ್ ಇನ್ನೂ ಬಂದಿರಲಿಲ್ಲ, ಕಟ್ಟಿಡುವಾಗ ಮೂರೂ ಮಂದಿ ಅಲ್ಲೇ ನಿಂತಿದ್ರು."

"ಡಿಸ್ಕ್ ಬಿಟ್ಟು ಮತ್ತೇನರೆ ಬದಲ್ ಮಾಡಿದಿ?"

"ಪರದೆ ಹೊಸದು ಹಾಕ್ದೆ. ಹಳೇದ್ರಾಗ ಬರೀ ನಂಬರ್ ಬರ್ತಿತ್ರಿ. ಲುಂಬಿನಿ ಅಕ್ಕ ಎಲ್ಲಾದಕ್ಕೂ ಹೆಸರು ಹಾಕಿಟ್ಟಿದ್ರು, ಅದು ಕಾಣ್ತಿರಲಿಲ್ಲ ಅಷ್ಟೇ. ಈಗ ಹಾಡಿನ ಹೆಸರು, ನುಡಿಸಿದವರ ಹೆಸರು, ಎಲ್ಲ ದೊಡ್ಡದಾಗಿ ಬರ್ತಾವ. 'ಅಪ್ಪನ ಸೈಕಲ್' ಅಂತ ಒಂದಿತ್ತು. ಅದು ಓದಿ ಕಾಕಾ ಅತ್ತೇಬಿಟ್ರು."

"ಇಳಿಸುವಾಗ ನಿನ್ನ ಲ್ಯಾಪ್‌ಟಾಪ್‌ನಾಗ ಒಂದು ಕಾಪಿ ಉಳಿದಿರಬೇಕಲ್ಲ?"

ಫೈಜಾನ್ ನೆಲ ನೋಡಿದ. "ಅಳಿಸಿಬಿಟ್ಟೆ ಮೇಡಂ. ಹಿಂದ ಇಲ್ಲಿ ಒಬ್ಬರ ಅಂಗಡ್ಯಾಗಿಂದ ಗಿರಾಕಿ ಮನಿ ಹೆಣ್ಮಕ್ಕಳ ಫೋಟೊ ಹೊರಗ ಬಿದ್ದು ಭಾಳ ದೊಡ್ಡ ಜಗಳ ಆಗಿತ್ತು. ಆವತ್ತಿಂದ ಬಜಾರ್‌ದಾಗಿನ ನಾವೆಲ್ಲ ಅಂಗಡಿಯವ್ರು ಕಸಮ್ ತಗೊಂಡೀವಿ. ಕೆಲಸ ಮುಗೀತಂದ್ರ ಗಿರಾಕಿ ಮಾಲ್ ಅಳಿಸಬೇಕು. ಪೂರಾ ಸಾಫ್. ಮತ್ತ ಬರಂಗಿಲ್ಲ."

ಲೋಕದಲ್ಲಿ ಮಾತಿಗೆ ತಪ್ಪುವವರೇ ತುಂಬಿದ್ದಾರೆ. ಒಬ್ಬ ತಪ್ಪದೇ ಇದ್ದ, ಅದೂ ತಪ್ಪಬೇಕಿದ್ದ ಜಾಗದಲ್ಲಿ. ಶೈಸ್ತಾಳಿಗೆ ಅವನನ್ನು ಬೈಯಲೂ ಆಗಲಿಲ್ಲ, ಹೊಗಳಲೂ ಆಗಲಿಲ್ಲ.

"ಜೀಪ್ ಹತ್ತು," ಎಂದಳು. "ಕಳ್ಳ ಅಂತ ಅಲ್ಲ. ಸಂಜಿಗಿ ನೀ ಅಲ್ಲಿ ಇರಬೇಕು."

*

ಕ್ಲಬ್ಬಿನ ಸಭಾಂಗಣ ಹೂವಿನ ಹಾರಗಳಿಂದ ಗಮಗಮಿಸುತ್ತಿತ್ತು. ಅತಿಥಿಗಳಿನ್ನೂ ಬಂದಿರಲಿಲ್ಲ. ಅಂಬರೇಶರ ಹೆಂಡತಿ ಸುನಿತಾ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಮೈಸೂರಿನವರು. ಗಂಡನಿಗೆ ವರ್ಗವಾದಾಗ ಮೊದಲ ಸಲ ಈ ಕಡೆ ಕಾಲಿಟ್ಟವರು. ದೊಡ್ಡ ತೆರೆಯ ಮೇಲೆ ವಿಡಿಯೊ ಸರಿ ಬರುತ್ತದೋ ಇಲ್ಲವೋ ಎಂದು ನೋಡುತ್ತಿದ್ದರು.

"ಇನ್ನೂ ಕಳ್ಳನ್ನ ಅರೆಸ್ಟ್ ಮಾಡಿಲ್ವಾ ಮೇಡಂ? ಅವ್ನು ಇಲ್ಲೇ ಓಡಾಡ್ತಿದಾನಲ್ಲ."

"ಮಾಡ್ತೀನ್ರಿ. ಮೊದಲ ನಿಮ್ಮ ಹಾಡು ಕೇಳಾಮ."

ತೆರೆಯ ಮೇಲೆ ಸುನಿತಾ ಇದೇ ಪಿಯಾನೊದ ಮುಂದೆ ನಗುತ್ತ ಕೂತಿದ್ದರು. ನಾದ ಹೊರಟಿತು. ಏರಿನಲ್ಲಿ ಏದುಸಿರು ಬಿಡುತ್ತ, ಇಳಿಜಾರಿನಲ್ಲಿ ಕಾಲು ಬಿಟ್ಟು ಹಗುರಾಗಿ ಉರುಳುವ ಧಾಟಿ. ಕುರ್ಚಿ ಜೋಡಿಸುತ್ತಿದ್ದ ಸಾಯಬಣ್ಣ ನಿಂತಲ್ಲೇ ನಿಂತ. ಅವನ ಬಳಿ ವಿಡಿಯೊ ನೋಡುವಂಥ ಫೋನಿರಲಿಲ್ಲ, ಸುನಿತಾ ಸ್ಟೇಟಸ್‌ಗೆ ಹಾಕಿ ಊರೆಲ್ಲ ಮೆಚ್ಚಿದ ಇದನ್ನು ಅವನು ನೋಡಿಯೇ ಇರಲಿಲ್ಲ.

"ಮೇಡಂ," ಎಂದ. "ಇದು ನಮ್ಮ ಲುಂಬಿನಿದು. ಅಪ್ಪನ ಸೈಕಲ್."

"ಸುಮ್ನಿರೋ!" ಅಂಬರೇಶ ಗದರಿದರು. "ಏನೇನೋ ಹಲಬಬ್ಯಾಡ."

"ಅಣವೀರ," ಎಂದಳು ಶೈಸ್ತಾ. "ತುಸು ಹಿಂದಕ ತಗೋ. ಇನ್ನಾ ತುಸು. ಹಾಂ, ಅಲ್ಲೇ ನಿಲ್ಸು."

ತೆರೆಯ ಮೇಲೆ ಸುನಿತಾ ಎಡಗೈ ಎತ್ತಿ ಜಡೆಯಿಂದ ಜಾರಿದ ಮಲ್ಲಿಗೆ ದಂಡೆಯನ್ನು ಸರಿಪಡಿಸಿಕೊಳ್ಳುತ್ತಿದ್ದರು. ಬಲಗೈ ಬಲ ತುದಿಯಲ್ಲಿತ್ತು. ಎಡ ತುದಿಯಲ್ಲಿ ಎರಡು ಬಿಳಿ ಪಟ್ಟಿಗಳು ಕೆಳಗಿಳಿದಿದ್ದವು. ಅವುಗಳ ಮೇಲೆ ಯಾರ ಬೆರಳೂ ಇರಲಿಲ್ಲ.

ಎಲ್ಲರೂ ನೋಡಿದರು. ಅಂಬರೇಶರೂ ನೋಡಿದರು. ಹೆಂಡತಿಯ ಕಡೆ ತಿರುಗಿದರು.

"ನುಡಿಸಿದವರು ನೀವಲ್ಲ," ಶೈಸ್ತಾ ಹೇಳಿದಳು. "ಪಿಯಾನೊ ತಾನೇ ನುಡಿಸ್ತು. ನೀವು ಅದರ ಮ್ಯಾಲ ಕೈ ಆಡಿಸಿದ್ರಿ."

"ನಾನ್ಸೆನ್ಸ್! ಅದೇನೋ ಕ್ಯಾಮೆರಾ ತೊಂದ್ರೆ ಇರ್ಬೇಕು."

"ಇರ್ಲಿ. ಮುಂಜಾನಿಂದ ನನಗೊಂದು ಮಾತು ಕೊರೀಲಿಕತ್ತದ. ಡಿಸ್ಕ್ ಹೋಗ್ಯಾದ, ಪಿಯಾನೊ ಹೋಗಿಲ್ಲ. ನಾನೇ ಒತ್ತಿ ನೋಡೀನಿ, ಛಂದ ನುಡೀತದ. ಹಾಡು ನಿಮ್ಮದು, ಕೈ ನಿಮ್ಮದು. ಮತ್ತ ವಿಡಿಯೊ ಯಾಕ ಬೇಕ್ರಿ? ಬರ್ರಿ, ಕುಂದ್ರಿ. ಒಮ್ಮಿ ನುಡಿಸಿಬಿಡ್ರಿ. ನಾ ಕೈ ಮುಗಿದು ಹೋಗ್ತೀನಿ."

ಸುನಿತಾ ಎದ್ದರು. ಹೋಗಿ ಕೂತರು. ಚಿಕ್ಕಂದಿನಲ್ಲಿ ಎರಡು ವರ್ಷ ಕಲಿತ ಕೈ. ಮೊದಲ ಸಾಲು ಹೇಗೋ ತೆವಳಿತು. ಎರಡನೆಯದರಲ್ಲಿ ಬೆರಳು ಎಡವಿತು, ಮತ್ತೆ ಎಡವಿತು. ಸಾಯಬಣ್ಣ ಕಿವಿ ಮುಚ್ಚಿಕೊಂಡ.

*

"ಅದು ಯಾರದ್ದೂ ಅಲ್ಲ ಅಂದ್ಕೊಂಡಿದ್ದಿರಿ," ಶೈಸ್ತಾ ಹೇಳತೊಡಗಿದಳು. "ಹಳೆ ಪರದೆದಾಗ ಬರೀ ನಂಬರ್ ಇತ್ತು. ಛಂದ ಅದ ಅನ್ನಿಸ್ತು, ವಿಡಿಯೊ ಮಾಡಿದ್ರಿ, ಮಂದಿ ಹೊಗಳಿದ್ರು. ನಿನ್ನೆ ಫೈಜಾನ್ ಹೊಸದು ಹಾಕಿ ಹಚ್ಚಿದ. ಅಷ್ಟು ದೊಡ್ಡ ಅಕ್ಷರದಾಗ ಲುಂಬಿನಿ ಹೆಸರು ಬಂತು. ಇವತ್ತ ಸಂಜಿಗಿ ಎಲ್ಲರ ಮುಂದ ಅದು ಬಂದ್ರ? ಅಳಸಲಿಕ್ಕ ನಿಮ್ಗ ಬರ್ತಿರಲಿಲ್ಲ. ಮನ್ಯಾಗಿನ ಕೀಲಿ ತಗೊಂಡು ಬಂದು ಎರಡೂ ಡಿಸ್ಕ್ ಕಿತ್ತಿದ್ರಿ."

"ನಾನೇ ಅಂತ ಏನ್ ಗ್ಯಾರಂಟಿ? ಕೀ ಆ ಮುದುಕನ ಹತ್ರಾನೂ ಇತ್ತು!"

"ಇತ್ತು. ಆದ್ರ ನೀವು ಬೆರಳಚ್ಚು ಬ್ಯಾಡ ಅಂತ ನೀರು ಹಚ್ಚಿದ ಒದ್ದಿ ಅರಿವಿಲೆ ಒರೆಸಿದ್ರಿ ನೋಡ್ರಿ, ಅಲ್ಲೇ ತಪ್ಪಿದ್ರಿ. ನಾ ಇದೇ ವಾಡಿ ರೈಲ್ವೆ ಕ್ವಾರ್ಟರ್ಸ್‌ದಾಗ ಬೆಳೆದಾಕಿ. ಕಪಾಟಿಗಿ ಒದ್ದಿ ಅರಿವಿ ಮುಟ್ಟಿಸಿದ್ರ ನಮ್ಮ ಅಮ್ಮಿ ಕೈ ಮ್ಯಾಲ ಹೊಡೀತಿದ್ಳು. ಸಿಮೆಂಟ್ ಧೂಳಿಗಿ ನೀರು ಬಿದ್ರ ಗಚ್ಚಾಗಿ ಕುಂದರ್ತದ. ಇಲ್ಲಿ ಮಂದಿ ಮೊದಲ ಒಣ ಅರಿವಿಲೆ ಝಾಡಿಸ್ತಾರ, ಮಲಗಿದಾಗ ಎಬ್ಬಿಸಿ ಕೇಳಿದ್ರೂ ಅದನ್ನೇ ಹೇಳ್ತಾರ. ಸಾಯಬಣ್ಣ ಕಾಕಾ ಜಿಂದಗಿ ಪೂರಾ ಝಾಡಿಸ್ಯಾನ. ಫೈಜಾನ್ ಶಹಾಬಾದದಾವ. ನಿಮ್ಮ ಯಜಮಾನ್ರು ಸೇಡಂದವ್ರು, ಅಲ್ಲೂ ಇದೇ ಧೂಳು. ಕೀಲಿ ಸಿಗೋರು, ಡಿಸ್ಕ್ ಎಲ್ಲದಾವ ಅಂತ ಗೊತ್ತಿದ್ದೋರು, ಈ ಧೂಳು ಗೊತ್ತಿಲ್ದೋರು, ನೀವೊಬ್ಬರೇ."

ಸುನಿತಾರ ಮನೆಯಲ್ಲಿ ಧೂಳು ಒರೆಸಲು ಕೆಲಸದವಳಿದ್ದಳು. ತಾವಾಗಿ ಒಂದು ದಿನ ಒರೆಸಿದ್ದರೆ ಬಹುಶಃ ಸಿಕ್ಕಿಬೀಳುತ್ತಿರಲಿಲ್ಲ.

"ಡಿಸ್ಕ್ ಎಲ್ಲದಾವ್ರಿ?" ಸಾಯಬಣ್ಣ ಮೊದಲ ಸಲ ಅವರ ಮುಂದೆ ಬಂದು ನಿಂತ. "ಅಮ್ಮ, ನನಗ ಕೇಸ್ ಬ್ಯಾಡ್ರಿ. ಹಾಡಿಗಿ ನಿಮ್ಮ ಹೆಸರೇ ಇಟ್ಕೋರಿ. ಅವೆರಡು ಕೊಟ್ಬಿಡ್ರಿ, ಸಾಕು."

ಸುನಿತಾ ಮುಖ ತಿರುಗಿಸಿದರು. "ಸುತ್ತಿಗೆಯಲ್ಲಿ ಒಡೆದು ಹಳೇ ಕ್ವಾರಿ ನೀರಿಗೆ ಎಸೆದೆ."

ಸಾಯಬಣ್ಣ ತಿರುಗಿ ಪಿಯಾನೊ ನೋಡಿದ.

"ಅವಳು ಸತ್ತು ಹೋಗಿದ್ಳು," ಸುನಿತಾ ಚೀರಿದರು. "ಅಲ್ಲಿ ಸುಮ್ನೆ ಬಿದ್ದಿತ್ತು. ಅದು ಯಾರಿಗೆ ಬೇಕಾಗಿತ್ತು?"

"ನನಗ ಬೇಕಾಗಿತ್ರಿ," ಎಂದ ಸಾಯಬಣ್ಣ.

ಅಂಬರೇಶ ಶೈಸ್ತಾಳನ್ನು ಕಂಬದ ಮರೆಗೆ ಕರೆದರು. ದನಿ ಬೆಣ್ಣೆಯಾಗಿತ್ತು. "ಮೇಡಂ, ಆಗಿದ್ದು ಆಗಿಹೋತು. ಇನ್ನಾ ಚಲೋ ಡಿಸ್ಕ್ ನಾನೇ ತರಿಸ್ತೀನಿ. ಇಲ್ಲೇ ಮುಗಿಸಿಬಿಡ್ರಿ. ಗೆಸ್ಟ್ ಬರೋ ಹೊತ್ತಾತು."

"ಕಳ್ಳ ಮುಂದೇ ಕುಂತಾನ ಅಂತ ನೀವೇ ಹೇಳಿದ್ರಲ್ಲ ಸರ್. ಖರೇನೇ ಹೇಳಿದ್ರಿ," ಎಂದು ಶೈಸ್ತಾ ಅಣವೀರನಿಗೆ ಜೀಪು ಬಾಗಿಲಿಗೆ ತರಲು ಹೇಳಿದಳು.

*

ಸಿಟ್ಟು ತೀರಿಸಿಕೊಂಡಷ್ಟು ಸುಲಭವಾಗಿ ಕೇಸು ನಿಲ್ಲುವುದಿಲ್ಲ ಎಂದು ಶೈಸ್ತಾಳಿಗೆ ಗೊತ್ತಿತ್ತು. ಕಾಯಿದೆಯ ಕಣ್ಣಿಗೆ ಹೋದದ್ದು ಎರಡು ಡಿಸ್ಕ್, ಅಂಗಡಿಯಲ್ಲಿ ಸಿಗುವ ಮಾಲು. ಜಾಮೀನು ಬೇಗ ಆಗುತ್ತದೆ. ವಾಡಿ ಬಿಟ್ಟು ಹೋಗಲು ಅಂಬರೇಶರಿಗೆ ವರ್ಗವೂ ಬೇಗ ಆಗುತ್ತದೆ. ಸಾಯಬಣ್ಣನ ಮಗಳನ್ನು ಎರಡನೆಯ ಸಲ ಕಿತ್ತುಕೊಂಡದ್ದಕ್ಕೆ ಯಾವ ಕಲಮೂ ಇಲ್ಲ. ಅವಳಿಗೆ ತನ್ನ ಇಲಾಖೆಯ ಮೇಲೂ ತನ್ನ ಮೇಲೂ ಹೇಸಿಗೆಯಾಯಿತು.

ಠಾಣೆಯ ವರಾಂಡದಲ್ಲಿ ಸಾಯಬಣ್ಣ ಕುಳಿತಿದ್ದ. ಪಕ್ಕದಲ್ಲಿ ಫೈಜಾನ್, ತಲೆ ಬಗ್ಗಿಸಿಕೊಂಡು.

"ಕಾಕಾ," ಎಂದಳು ಶೈಸ್ತಾ. "ಉಳಿದವೆಲ್ಲ ಹೋದ್ವು. ಒಂದು ಉಳಿದಾದ. ಆ ವಿಡಿಯೊದಾಗ ನುಡೀಲಿಕತ್ತಾಕಿ ಲುಂಬಿನಿನೇ. ಸ್ಟೇಟಸ್‌ಗಿ ಹಾಕಿದ್ದು ಅಳಿಸಿಹೋಗ್ಯಾದ, ಅವರ ಈ ಫೋನಿನಾಗ ಅಷ್ಟೇ ಅದ, ನಾ ಜಪ್ತಿ ಮಾಡೀನಿ. ಇಲ್ಲೇ ಒಮ್ಮಿ ನೋಡು."

ಅವಳು ಮೊಬೈಲನ್ನು ಅವನ ಅಂಗೈಯಲ್ಲಿಟ್ಟಳು. ಹಾಡು ಶುರುವಾಯಿತು. ಸಾಯಬಣ್ಣ ಬಗ್ಗಿ ಪಟ್ಟಿಗಳನ್ನು ಹುಡುಕಿದ. ಅವುಗಳ ಮೇಲೆಲ್ಲ ಸುನಿತಾರ ಬಳೆ, ಉಂಗುರ, ಬಣ್ಣ ಬಳಿದ ಉಗುರು. ಮೇಲೆ ನಗುವ ಮುಖ.

"ಇವರನ್ನ ತೆಗೀಲಿಕ್ಕ ಬರ್ತದೇನಪ್ಪ?" ಫೈಜಾನನನ್ನು ಕೇಳಿದ.

"ಬರ್ತದ ಕಾಕಾ, ಬರೀ ಹಾಡು ಬ್ಯಾರೆ ಮಾಡಿ ಕೊಡ್ತೀನಿ," ಎಂದು ಫೈಜಾನ್ ಎದ್ದ.

ಶೈಸ್ತಾ ತಲೆಯಾಡಿಸಿದಳು. "ಈಗ ಕೊಡಾಕ ಬರಂಗಿಲ್ಲ. ಪುರಾವೆ ಅದು. ಕೇಸ್ ಮುಗಿಯೋ ತನಕ ಯಾರೂ ಮುಟ್ಟೋ ಹಂಗಿಲ್ಲ."

"ಕೇಸ್ ಯಾವಾಗ ಮುಗೀತದ್ರಿ?"

ಸಾಯಬಣ್ಣ ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿಸಿಕೊಂಡ. ಮೊಬೈಲನ್ನು ಬೆಂಚಿನ ಮೇಲೆ ಬೋರಲು ಹಾಕಿದ. ದನಿ ಅರ್ಧ ಅಡಗಿತು. ಅವನು ಬೆಂಚಿಗೆ ಕಿವಿಯಿಟ್ಟು ಕೇಳಿಸಿಕೊಂಡ.