ವಿಭೂತಿ ಇಲ್ಲದ ಹಣೆ

ಗುಳಿಗೆಯ ಡಬ್ಬಿ ಅಂಗಳದ ಕಲ್ಲಿಗೆ ಬಡಿದು ತೆರೆದುಕೊಂಡಿತು. ಬಿಳಿ ಗುಳಿಗೆಗಳು ತೊಗರಿ ಹೊಟ್ಟಿನ ಮೇಲೆ ಉರುಳಿದವು.

"ನನ್ನ ಗಂಡನ್ನ ನುಂಗಿದ ಗುಳಿಗಿ ಈ ಮನ್ಯಾಗ ಇರಬಾರದು," ಎಂದಳು ಗುರುಬಾಯಿ. ಕೂಗಲಿಲ್ಲ. ಕೂಗಿದ್ದರೆ ಸೊಸೆ ಶೈಲಶ್ರೀಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮಾವ ಶಾಂತಲಿಂಗಪ್ಪನವರು ತೀರಿಕೊಂಡು ಅಂದಿಗೆ ಹನ್ನೊಂದು ದಿನ. ಇನ್ನು ಯಾರಿಗೂ ಕೊಡುವಂತಿಲ್ಲದ ಆ ಗುಳಿಗೆಗಳನ್ನು ಶೈಲಶ್ರೀ ಒಂದೊಂದಾಗಿ ಆರಿಸತೊಡಗಿದಳು. ಕೋಳಿಯೋ ಕೂಸೋ ಬಾಯಿಗೆ ಹಾಕಿಕೊಂಡರೆ... ಅವಳು ನಿಂಬರ್ಗಾದ ಆಶಾ ಕಾರ್ಯಕರ್ತೆ. ಆನೆಕಾಲು ರೋಗದ ಗುಳಿಗೆಯನ್ನು ಮನೆಮನೆಗೆ ಒಯ್ದು ಕಣ್ಣೆದುರೇ ನುಂಗಿಸುವುದು ಅವಳ ಕೆಲಸ. ಬಸುರಿಯರಿಗೆ, ಎರಡು ವರ್ಷ ತುಂಬದ ಮಕ್ಕಳಿಗೆ, ಹಾಸಿಗೆ ಹಿಡಿದವರಿಗೆ ಕೊಡಬಾರದು. ಬರಿಹೊಟ್ಟೆಯಲ್ಲಂತೂ ಯಾರಿಗೂ ಕೊಡಬಾರದು. ನೆತ್ತರಲ್ಲಿ ಹುಳು ಇದ್ದವರಿಗೆ, ಅವು ಸಾಯುವಾಗ ಜ್ವರ, ವಾಂತಿ, ತಲೆಸುತ್ತು ಬರಬಹುದು. ಒಂದೆರಡು ದಿನದಲ್ಲಿ ಇಳಿಯುತ್ತದೆ. ಪ್ರತಿ ಹೊಸ್ತಿಲಲ್ಲೂ ಇದನ್ನು ಎರಡೆರಡು ಸಲ ಹೇಳಿದ್ದಳು. ತನ್ನ ಹೊಸ್ತಿಲಲ್ಲಿ ಮಾತ್ರ ನಾಲಿಗೆ ಏಳಲಿಲ್ಲ.

ಮಾವ ಗುಳಿಗೆ ನುಂಗಿದ ದಿನ ಬೆಳಿಗ್ಗೆ ಓಣಿಯ ಜನ ಅವರ ಮನೆಯ ಕಟ್ಟೆಯ ಮುಂದೆ ನೆರೆದಿದ್ದರು. ಪಕ್ಕದ ಮನೆಯ ಅಣ್ಣಾರಾಯ ಕೈ ಚಾಚಿರಲಿಲ್ಲ.

"ಏನ್ ಶೈಲವ್ವ, ನಮಗಷ್ಟೇ ಏನು ಈ ಪ್ರಸಾದ? ಮೊದಲ ನಿಮ್ಮ ಮಾವಗ ಕೊಡು. ಅವರು ಉಳಿದ್ರ ನಾವೂ ನುಂಗ್ತೇವಿ."

ಎಲ್ಲರೂ ನಕ್ಕಿದ್ದರು. ಒಳಗಿನಿಂದ ಶಾಂತಲಿಂಗಪ್ಪನವರು ಎದ್ದು ಬಂದಿದ್ದರು. ಸ್ನಾನ ಮಾಡಿ ಲಿಂಗಪೂಜೆ ಮುಗಿಸುವವರೆಗೆ ಅವರು ಗುಟುಕು ನೀರನ್ನೂ ಕುಡಿದವರಲ್ಲ. ಅಂದು ನಳದಲ್ಲಿ ಇನ್ನೂ ನೀರು ಬಂದಿರಲಿಲ್ಲ. ರುಮಾಲನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದರೂ ಅದರ ಅಂಚಿನಲ್ಲಿ ವಿಭೂತಿ ಇಲ್ಲದ ಹಣೆ ಶೈಲಶ್ರೀಗೆ ಕಂಡಿತು.

"ಮಾವಾರ, ಉಂಡೀರೇನ್ರಿ?"

"ಉಂಡೇನವ್ವ. ಕೊಡು."

ಮದುವೆಯಾಗಿ ಬಂದ ಒಂಬತ್ತು ವರ್ಷಗಳಲ್ಲಿ ಅವರ ಬಾಯಿಂದ ಅವಳು ಕೇಳಿದ ಒಂದೇ ಸುಳ್ಳು ಅದು. ಇಪ್ಪತ್ತು ಜನ ನೋಡುತ್ತಿದ್ದರು. ಅವಳು ಕೊಟ್ಟಳು. ಅವರು ನುಂಗಿದರು, ಅವರನ್ನು ನೋಡಿ ಓಣಿಯೂ ನುಂಗಿತು. ಒಂದು ತಾಸಿನ ಮೇಲೆ ನೀರು ಬಂತು. ಸ್ನಾನಕ್ಕೆ ಹೋದವರು ತಲೆ ತಿರುಗಿ ಬಚ್ಚಲಿನ ಕಲ್ಲಿನ ಮೇಲೆ ಬಿದ್ದರು... ಕಲಬುರಗಿಯ ಆಸ್ಪತ್ರೆಯಲ್ಲಿ ಮೂರನೇ ದಿನ ಉಸಿರು ನಿಂತಿತು.

ಅಂದಿನಿಂದ ಉಳಿದ ಓಣಿಗಳಲ್ಲಿ ಅವಳಿಗೆ ಯಾರೂ ಬಾಗಿಲು ತೆರೆದಿರಲಿಲ್ಲ.

ಅವಳು ಇನ್ನೂ ಗುಳಿಗೆ ಆರಿಸುತ್ತಿರುವಾಗಲೇ ಅಣ್ಣಾರಾಯ ನಾಲ್ಕೈದು ಜನರೊಂದಿಗೆ ಬಂದು ನಿಂತ. ಇಂದು ಅವನ ದನಿಯಲ್ಲಿ ಕುಚೇಷ್ಟೆ ಇರಲಿಲ್ಲ.

"ಶೈಲವ್ವ, ಇನ್ನ ಈ ಊರಾಗ ಆ ಗುಳಿಗಿ ಬ್ಯಾಡ. ನಾ ಅವತ್ತ ಚಾಷ್ಟಿಗಿ ಅಂದ ಮಾತು ನನ್ನ ಎದ್ಯಾಗ ಚುಚ್ಚಾಕತ್ತೈತಿ. ಅಂಥಾ ದೇವರಂಥಾ ಮನುಷ್ಯಾನ್ನ ಕೊಂದಿದ್ದು ಗುಳಿಗಿನಽ."

ಹೌದು ಎಂದರೆ ಸಾಕಿತ್ತು. ಮಾವನ ಹೆಸರು ಉಳಿಯುತ್ತಿತ್ತು, ಅವಳೂ ಉಳಿಯುತ್ತಿದ್ದಳು. ಊರಿನ ಕಾಲುಗಳು ಮಾತ್ರ ಊದುತ್ತಿದ್ದವು... ಶೈಲಶ್ರೀ ಎದ್ದು ನಿಂತಳು.

"ಗುಳಿಗಿ ಅಲ್ರೀ ಕಾಕಾ. ಮಾವಾರು ಉಂಡಿದ್ದಿಲ್ಲ. ಬರಿಹೊಟ್ಟಿಲೆ ನುಂಗ್ಯಾರ. ನನಗ ಗೊತ್ತಿತ್ತು... ಗೊತ್ತಿದ್ದೂ ಕೊಟ್ಟೇನಿ. ನೀವೆಲ್ಲ ನಗ್ತೀರಿ ಅಂತ ಕೊಟ್ಟೇನಿ."

ಬಾಗಿಲಲ್ಲಿ ಗುರುಬಾಯಿ ನಿಂತಿದ್ದಳು.

"ಬಾಯಿ ಮುಚ್ಚತೀ ಅಂತ ತಿಳಿದಿದ್ದೆ," ಎಂದಳು ನಿಧಾನವಾಗಿ. "ನಾನೂ ಒಳಗಿಂದ ನೋಡೇನಿ. ನಲವತ್ತು ವರ್ಷ ನೋಡಿದ ಹಣಿ ಅದು. ನಾ ಯಾಕ ಹೊರಗ ಬಂದು ತಡೀಲಿಲ್ಲ ಕೇಳು. ಇಷ್ಟು ಮಂದಿ ಮುಂದ ಅವರ ಸುಳ್ಳ ಹಿಡೀಲೇನು? ಸುಮ್ಮನಾದೆ... ಅದಕ್ಕಽ ತಪ್ಪು ಗುಳಿಗಿ ಮ್ಯಾಲ ಹಾಕಿದೆ. ಇಲ್ಲಂದ್ರ ನನ್ನ ಮ್ಯಾಲ ಬರ್ತಿತ್ತು."

ಅವಳು ಕಟ್ಟೆಯ ಮೇಲೆ ಕುಳಿತು ಸೀರೆಯ ನಿರಿಗೆಯನ್ನು ಮೊಣಕಾಲಿನವರೆಗೆ ಸರಿಸಿದಳು. ಹದಿನೈದು ವರ್ಷ ಊರಿಗೆ ತೋರಿಸದೆ ಮುಚ್ಚಿಟ್ಟ ಎಡಗಾಲು, ಕಂಬದಂತೆ ದಪ್ಪಗೆ, ಬಿರುಕು ಬಿಟ್ಟು, ಬಿಸಿಲಿಗೆ ಬಂತು.

"ನೋಡ್ರಿ. ದಿನಾ ರಾತ್ರಿ ಈ ಕಾಲು ತೊಳದು ಒರಸ್ತಿದ್ರು ಅವರು. ನಿಮ್ಮ ಮನ್ಯಾಗ ಇನ್ನೊಂದು ಇಂಥಾ ಕಾಲು ಆಗಬಾರದು ಅಂತ ಸುಳ್ಳ ಹೇಳ್ಯಾರ." ಆಮೇಲೆ ಸೊಸೆಯ ಮುಖ ನೋಡದೆ, "ರೊಟ್ಟಿ ತಾ," ಎಂದಳು.

ಎಲ್ಲರೆದುರು ಅರ್ಧ ರೊಟ್ಟಿಯನ್ನು ನಿಧಾನಕ್ಕೆ ಅಗಿದು ತಿಂದಳು. ಕೈ ಚಾಚಿದಳು. ಶೈಲಶ್ರೀ ಚೀಲದಲ್ಲಿದ್ದ ಇನ್ನೊಂದು ಡಬ್ಬಿ ತೆಗೆದು ಗುಳಿಗೆಗಳನ್ನು ಅತ್ತೆಯ ಅಂಗೈಗೆ ಹಾಕಿದಳು.

"ಜ್ವರ ಬರಬಹುದ್ರಿ ಅತ್ತಿ. ತಲಿ ತಿರುಗಿದ್ರ ಏಳಬ್ಯಾಡ್ರಿ, ನನ್ನ ಕರೀರಿ."

ಗುರುಬಾಯಿ ಗುಳಿಗೆ ನುಂಗಿದಳು. ಅಂದು ಸಂಜೆ ಜ್ವರ ಬಂದಾಗಲೂ ಕರೆಯಲಿಲ್ಲ. ಕರೆಯದಿದ್ದರೂ ಶೈಲಶ್ರೀ ಹೊಸ್ತಿಲಲ್ಲೇ ಕುಳಿತಿದ್ದಳು, ಬೆಳಗಾಗುವವರೆಗೆ.

ಆಮೇಲೆ ಅತ್ತೆ ಸೊಸೆಯನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಆದರೆ ಗುಳಿಗೆಯ ಚೀಲ ಹೆಗಲಿಗೇರುವ ಮುಂಜಾನೆಗಳಲ್ಲಿ ಒಲೆಯ ಪಕ್ಕದಲ್ಲಿ ಮುಚ್ಚಿಟ್ಟ ಒಂದು ತಾಟು ಇರುತ್ತಿತ್ತು. ಅದರೊಳಗಿನ ರೊಟ್ಟಿಯನ್ನು ಸೊಸೆ ತಿಂದ ಮೇಲೆಯೇ ಗುರುಬಾಯಿ ಬಾಗಿಲ ಅಗುಳಿ ತೆಗೆಯುತ್ತಿದ್ದಳು.